ಸುಡದ ಬೆಂಕಿಯ ಕತೆ

ಟಿ.ವಿ. ಜಾಹೀರಾತಿನಲ್ಲಿ ಬೆಂಕಿ ಕಂಡರೆ ಈಗ ಯಾರೂ ಬೆಚ್ಚುವುದಿಲ್ಲ. ಬೈಕಿನ ಚಕ್ರ ಹೊತ್ತಿ ಉರಿಯುತ್ತದೆ, ಖಾರದ ಚಿಪ್ಸ್ ತಿಂದವನ ಬಾಯಿಂದ ಜ್ವಾಲೆ ಬರುತ್ತದೆ. ಅದು ಕಂಪ್ಯೂಟರಿನ ಬೆಂಕಿ ಎಂದು ಮಕ್ಕಳಿಗೂ ಗೊತ್ತು. ಹಿಂದೆ ಹೀಗಿರಲಿಲ್ಲ. ಕ್ಯಾಮೆರಾ ಮುಂದೆ ನಿಜವಾದ ಬೆಂಕಿಯೇ ಉರಿಯಬೇಕಿತ್ತು, ಅದರ ಪಕ್ಕದಲ್ಲಿ ಮನುಷ್ಯರು ನಿಲ್ಲಬೇಕಿತ್ತು.

1984ರ ಜನವರಿ 27. ಲಾಸ್ ಏಂಜಲೀಸ್‌ನ ಶ್ರೈನ್ ಆಡಿಟೋರಿಯಂನಲ್ಲಿ ಪೆಪ್ಸಿ ಜಾಹೀರಾತಿನ ಚಿತ್ರೀಕರಣ. ಮೈಕಲ್ ಜಾಕ್ಸನ್ ಕುಣಿಯುತ್ತ ಮೆಟ್ಟಿಲಿಳಿದು ಬರಬೇಕು, ಹಿಂದೆ ಸಿಡಿಮದ್ದು ಹೊತ್ತಬೇಕು. ಅದು ಸಮಯಕ್ಕೆ ಮೊದಲೇ ಸಿಡಿಯಿತು. ಜಾಕ್ಸನ್ ಕೂದಲಿಗೆ ಬೆಂಕಿ ಹತ್ತಿ ನೆತ್ತಿ ಸುಟ್ಟಿತು. ಪರಿಹಾರವಾಗಿ ಬಂದ 15 ಲಕ್ಷ ಡಾಲರನ್ನು ಅವರು ತಮಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೇ ಕೊಟ್ಟರು.

ವಿಚಿತ್ರವೆಂದರೆ, ಅಷ್ಟು ಹೊತ್ತಿಗಾಗಲೇ ಕಂಪ್ಯೂಟರ್ ಬೆಂಕಿ ಹುಟ್ಟಿತ್ತು. 1982ರಲ್ಲಿ ತೆರೆಕಂಡ 'ಸ್ಟಾರ್ ಟ್ರೆಕ್' ಸರಣಿಯ ಎರಡನೇ ಸಿನಿಮಾದಲ್ಲಿ ಬೆಂಕಿಯ ಗೋಡೆಯೊಂದು ಇಡೀ ಗ್ರಹವನ್ನು ಸುತ್ತುವರಿಯುವ ದೃಶ್ಯವಿದೆ. ಲೂಕಾಸ್‌ಫಿಲ್ಮ್ ಕಂಪನಿಯಲ್ಲಿದ್ದ ವಿಲಿಯಂ ರೀವ್ಸ್ ಆ ಬೆಂಕಿಯನ್ನು ಸಾವಿರಾರು ಚುಕ್ಕಿಗಳಿಂದ ಕಟ್ಟಿದರು. ಪ್ರತಿ ಚುಕ್ಕಿಗೂ ಒಂದು ವೇಗ, ಒಂದು ಬಣ್ಣ, ಒಂದಿಷ್ಟು ಆಯಸ್ಸು. ಚುಕ್ಕಿ ಹುಟ್ಟುತ್ತದೆ, ಹಾರುತ್ತದೆ, ಮಂಕಾಗಿ ಸಾಯುತ್ತದೆ. 1983ರಲ್ಲಿ ಅವರು ಈ ವಿಧಾನವನ್ನು 'ಪಾರ್ಟಿಕಲ್ ಸಿಸ್ಟಮ್ಸ್' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಆದರೆ ಅದು ದೂರದಿಂದ ನೋಡುವ ಬೆಂಕಿ. ನಟನ ಪಕ್ಕದಲ್ಲಿ ತಂದಿಟ್ಟರೆ ನಂಬಿಸುವಂತಿರಲಿಲ್ಲ.

ನಿಜವಾದ ಬೆಂಕಿ ನೀರಿನ ಹಾಗೆ ಹರಿಯುತ್ತದೆ, ಸುಳಿಯುತ್ತದೆ. ಹರಿವಿನ ಗಣಿತವನ್ನು ನೇವಿಯರ್ ಮತ್ತು ಸ್ಟೋಕ್ಸ್ 19ನೇ ಶತಮಾನದಲ್ಲೇ ಬರೆದಿಟ್ಟಿದ್ದರು. ಅದನ್ನು ಲೆಕ್ಕ ತಪ್ಪಿ ಸಿಡಿಯದಂತೆ, ವೇಗವಾಗಿ ಕಂಪ್ಯೂಟರಿನಲ್ಲಿ ಓಡಿಸುವ ದಾರಿಯನ್ನು 1999ರಲ್ಲಿ ಯೋಸ್ ಸ್ಟಾಮ್ ತೋರಿಸಿದರು. 2002ರಲ್ಲಿ ನುಯೆನ್, ಫೆಡ್ಕಿವ್ ಮತ್ತು ಯೆನ್ಸನ್ ಎಂಬ ಮೂವರು ಉರಿಯ ಭೌತಶಾಸ್ತ್ರವನ್ನೇ ಅದಕ್ಕೆ ಸೇರಿಸಿದರು. ಗ್ಯಾಸ್ ಒಲೆಯ ಉರಿ ನೀಲಿ, ಬುಡ್ಡಿ ದೀಪದ್ದು ಹಳದಿ. ಆ ಹಳದಿ ಕಾದ ಮಸಿಯ ಕಣಗಳ ಹೊಳಪು. ಜ್ವಾಲೆಯ ಬುಡದಲ್ಲಿ ನೀಲಿ, ಮೇಲೆ ಹಳದಿ, ತುದಿಯಲ್ಲಿ ಹೊಗೆ ಎಂಬ ಈ ಕ್ರಮವನ್ನು ಅವರು ಲೆಕ್ಕಕ್ಕೆ ತಂದರು.

ಅಷ್ಟಾದರೂ ಕೆಲಸ ಮುಗಿಯುವುದಿಲ್ಲ. ನಮ್ಮ ಟಿ.ವಿ.ಯಲ್ಲಿ ಸೆಕೆಂಡಿಗೆ 25 ಚಿತ್ರ, 30 ಸೆಕೆಂಡಿನ ಜಾಹೀರಾತಿಗೆ 750 ಚಿತ್ರ. ಬೆಂಕಿ ಇರುವ ಒಂದೊಂದು ಚಿತ್ರದಲ್ಲೂ ಜ್ವಾಲೆಯ ಬೆಳಕು ನಟನ ಕೆನ್ನೆಯ ಮೇಲೆ ಬೀಳಬೇಕು, ಉರಿಯ ಹಿಂದಿನ ಗಾಳಿ ಕಾವಿಗೆ ನಡುಗಿದಂತೆ ಕಾಣಬೇಕು. ಬೆಳಕು ತಪ್ಪಿದರೆ, ಜ್ವಾಲೆ ಎಷ್ಟೇ ಚೆನ್ನಾಗಿದ್ದರೂ ಮೇಲೆ ಅಂಟಿಸಿದ ಹಾಗಿರುತ್ತದೆ.

ಹಾಗಾದರೆ ಈಗ ಸೆಟ್‌ಗಳು ಸುರಕ್ಷಿತವೇ? ಉತ್ತರಕ್ಕೆ ನಮ್ಮ ಮೈಸೂರನ್ನು ನೆನೆಯಬೇಕು. 1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೋದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಸೆಟ್‌ಗೆ ಬೆಂಕಿ ಬಿತ್ತು. 62 ಜನ ಸತ್ತರು. ನಿರ್ದೇಶಕ, ನಾಯಕ ಸಂಜಯ್ ಖಾನ್ ತೀವ್ರ ಸುಟ್ಟಗಾಯಗಳಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಸಡಿಲವಾದ ವೈರಿಂಗ್, ಗಾಳಿಯಾಡದ ಒಳಾಂಗಣ, ಗೋಡೆಗೆ ಕಟ್ಟಿದ ಗೋಣಿತಾಟು, ದೊಡ್ಡ ಲೈಟುಗಳ ಕಾವು ಇವೇ ಕಾರಣವೆಂದು ಆಗ ಹೇಳಲಾಯಿತು. ನಾಯಕನ ಗಾಯ ನಮಗೆಲ್ಲ ನೆನಪಿದೆ. ಆ 62 ಹೆಸರುಗಳಲ್ಲಿ ಎಷ್ಟು ನೆನಪಿವೆ?

ಕಂಪ್ಯೂಟರ್ ತೆಗೆದುಹಾಕಿದ್ದು ಸ್ಕ್ರಿಪ್ಟ್‌ನಲ್ಲಿ ಬರೆದ ಬೆಂಕಿಯನ್ನು ಮಾತ್ರ. ಜಾಕ್ಸನ್‌ರನ್ನು ಸುಟ್ಟಂಥ ಸಿಡಿಮದ್ದನ್ನು ಇಂದು ಪರದೆಯ ಮೇಲೆ ಮೂಡಿಸಬಹುದು. ಆದರೆ ಪ್ಲೈವುಡ್ಡು, ಬಟ್ಟೆ, ವೈರು, ಲೈಟು ಈಗಲೂ ಸೆಟ್‌ನಲ್ಲಿವೆ. ಲೈಟ್ ಹೊರುವ ಹುಡುಗರು, ಬಡಗಿಗಳು, ಅಡುಗೆಯವರು ಈಗಲೂ ಅಲ್ಲೇ ಇದ್ದಾರೆ. ಸ್ಕ್ರಿಪ್ಟ್‌ನಲ್ಲಿ ಇಲ್ಲದ ಬೆಂಕಿಯಿಂದ ಅವರನ್ನು ಕಾಯುವುದು ಹೊರಗೆ ಹೋಗಲು ಎರಡು ಬಾಗಿಲು, ಒಂದಿಷ್ಟು ಮರಳು, ನೀರು ಮತ್ತು ವೈರಿಂಗ್ ನೋಡಿ ಸಹಿ ಹಾಕುವ ಒಬ್ಬ ಜವಾಬ್ದಾರ ಮನುಷ್ಯ.