ಬ್ಲ್ಯಾಕ್ ಟಾರ್ ಹೆರಾಯಿನ್: ಗಾಯದಲ್ಲಿ ಬೆಳೆದ ವಿಷದ ಚರಿತ್ರೆ

ಹೆರಾಯಿನ್‌ನ ಅಪಾಯವನ್ನು ಅಳೆಯುವವರು ಸಾಮಾನ್ಯವಾಗಿ ಅತಿಸೇವನೆಯಿಂದ ಉಸಿರು ನಿಂತು ಸತ್ತವರನ್ನಷ್ಟೇ ಎಣಿಸುತ್ತಾರೆ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ 1980ರ ದಶಕದಿಂದ ಬೀದಿಬೀದಿಗಳಲ್ಲಿ ಮಾರಾಟವಾದ ‘ಬ್ಲ್ಯಾಕ್ ಟಾರ್’ನ ಚರಿತ್ರೆ ನೋಡಿದರೆ ಆ ಲೆಕ್ಕ ಸಾಲದು. ಅಲ್ಲಿ ಮಾದಕ ವಸ್ತುವಿನ ಜೊತೆಗೆ ಅದರ ಒರಟು ತಯಾರಿಕೆಯೂ ಜನರ ಜೀವ ತೆಗೆದಿದೆ.

ಲಂಡನ್ನಿನ ರಸಾಯನಶಾಸ್ತ್ರಜ್ಞ ಸಿ. ಆರ್. ಆಲ್ಡರ್ ರೈಟ್ 1874ರಲ್ಲಿ ಮಾರ್ಫಿನ್‌ನಿಂದ ಈ ಮಾದಕ ವಸ್ತುವನ್ನು ಮೊದಲು ತಯಾರಿಸಿದ. 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಅದಕ್ಕೆ ಹೆರಾಯಿನ್ ಎಂದು ಹೆಸರಿಟ್ಟು ಕೆಮ್ಮಿನ ಔಷಧಿಯಾಗಿ ಮಾರಿತು. 1924ರಲ್ಲಿ ಅಮೆರಿಕ ಅದರ ತಯಾರಿಕೆಯನ್ನು ನಿಷೇಧಿಸಿತು. ಎರಡನೇ ಮಹಾಯುದ್ಧದ ನಂತರ ಟರ್ಕಿಯ ಅಫೀಮು ಫ್ರಾನ್ಸಿನ ಮಾರ್ಸೇಲ್‌ನ ಕಳ್ಳ ಪ್ರಯೋಗಾಲಯಗಳಲ್ಲಿ ಹೆರಾಯಿನ್ ಆಗಿ ನ್ಯೂಯಾರ್ಕ್ ಸೇರುತ್ತಿತ್ತು. 1970ರ ದಶಕದ ಆರಂಭದಲ್ಲಿ ಟರ್ಕಿ ಅಫೀಮು ಬೆಳೆಯನ್ನು ನಿಷೇಧಿಸಿತು, ಮಾರ್ಸೇಲ್ ಜಾಲವೂ ಮುರಿಯಿತು. ತೆರವಾದ ಜಾಗಕ್ಕೆ ಮೆಕ್ಸಿಕೋದ ಬೆಟ್ಟಸೀಮೆಯ ಸರಕು ಬಂತು. ಮೊದಲು ಬಂದದ್ದು ಕಂದು ಪುಡಿ, ಆಮೇಲೆ ಟಾರಿನಂತೆ ಅಂಟುವ ಕಪ್ಪು ಮುದ್ದೆ.

ಶುದ್ಧೀಕರಣದ ಹಂತಗಳನ್ನು ಬಿಟ್ಟು ಅವಸರದಲ್ಲಿ ತಯಾರಾದ ಈ ಮುದ್ದೆಯಲ್ಲಿ ಹೆರಾಯಿನ್ ಜೊತೆ ಅರ್ಧಂಬರ್ಧ ಮಾರ್ಪಟ್ಟ ಮಾರ್ಫಿನ್ ಸಂಯುಕ್ತಗಳೂ ಗಸಗಸೆ ಗಿಡದ ಶೇಷವೂ ಉಳಿದಿರುತ್ತವೆ. ಇದನ್ನು ಚುಚ್ಚಿಕೊಳ್ಳುವವರ ರಕ್ತನಾಳಗಳು ಬೇಗ ಗಡುಸಾಗಿ ಮುಚ್ಚಿಹೋಗುತ್ತವೆ. ನಾಳ ಸಿಗದಾಗ ಸೂಜಿ ಚರ್ಮದಡಿಗೋ ಸ್ನಾಯುವಿಗೋ ಇಳಿಯುತ್ತದೆ. ಕೀವುಗಟ್ಟಿದ ಕುರುಗಳು, ಮಾಂಸ ಕೊಳೆಯುವ ಸೋಂಕುಗಳು ಶುರುವಾಗುವುದು ಅಲ್ಲಿಂದ. ಇಂಥ ರೋಗಿಗಳು ಎಷ್ಟು ಹೆಚ್ಚಿದರೆಂದರೆ, 2001ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆ ಅವರಿಗಾಗಿಯೇ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು.

ಎಲ್ಲಕ್ಕಿಂತ ಭೀಕರವಾದದ್ದು ಗಾಯದ ಬೊಟ್ಯುಲಿಸಂ.

ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಂ ಬೊಟ್ಯುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಸಾಗಣೆಯಲ್ಲೋ ಕಲಬೆರಕೆಯಲ್ಲೋ ಸರಕಿಗೆ ಸೇರಿಕೊಳ್ಳುತ್ತವೆ. ವ್ಯಸನಿಗಳು ಅದನ್ನು ಕಾಯಿಸುವ ಬಿಸಿಗೆ ಅವು ಸಾಯುವುದಿಲ್ಲ. ಗಾಳಿಯಾಡದ ಗಾಯದೊಳಗೆ ಮೊಳೆತು ನರಗಳನ್ನು ಸ್ತಬ್ಧಗೊಳಿಸುವ ವಿಷ ಸ್ರವಿಸುತ್ತವೆ. ಮೊದಲು ರೆಪ್ಪೆ ಜೋಲುತ್ತದೆ, ದೃಷ್ಟಿ ಎರಡಾಗುತ್ತದೆ, ಮಾತು ತೊದಲುತ್ತದೆ. ಪಾರ್ಶ್ವವಾಯು ಕೆಳಗಿಳಿದು ಉಸಿರಾಟದ ಸ್ನಾಯುಗಳನ್ನು ಹಿಡಿಯುವ ಹೊತ್ತಿಗೂ ರೋಗಿಗೆ ಸಾಮಾನ್ಯವಾಗಿ ಪೂರ್ತಿ ಎಚ್ಚರವಿರುತ್ತದೆ. 1990ರ ದಶಕದ ನಡುವೆ ಕ್ಯಾಲಿಫೋರ್ನಿಯಾದಲ್ಲಿ ಈ ರೋಗ ದಿಢೀರನೆ ಏರಿತು. ಇಂಥ 26 ರೋಗಿಗಳನ್ನು ಇತರ ವ್ಯಸನಿಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 1998ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಬ್ಲ್ಯಾಕ್ ಟಾರನ್ನು ಚರ್ಮದಡಿ ಅಥವಾ ಸ್ನಾಯುವಿಗೆ ಚುಚ್ಚಿಕೊಳ್ಳುವುದೇ ರೋಗದ ದಾರಿ ಎಂದು ಅದು ತೋರಿಸಿತು.

ಇದೇ ಒರಟು ರೂಪ ಇನ್ನೊಂದು ರೋಗವನ್ನು ತಡೆದಿರಬಹುದೆಂಬ ವಾದವೂ ಇದೆ. ಪುಡಿ ಹೆರಾಯಿನ್ ಹೆಚ್ಚಾಗಿದ್ದ ಪೂರ್ವದ ನಗರಗಳಿಗಿಂತ ಪಶ್ಚಿಮದ ನಗರಗಳ ವ್ಯಸನಿಗಳಲ್ಲಿ ಎಚ್‌ಐವಿ ಕಡಿಮೆಯಿತ್ತು. ಸಂಶೋಧಕರಾದ ಡ್ಯಾನಿಯಲ್ ಚಿಕರೋನ್ ಮತ್ತು ಫಿಲಿಪ್ ಬೂರ್ಜ್ವಾ 2003ರಲ್ಲಿ ಇದಕ್ಕೊಂದು ವಿವರಣೆ ಮುಂದಿಟ್ಟರು. ಅಂಟು ಮುದ್ದೆಯನ್ನು ಕಾಯಿಸಲೇಬೇಕು, ಕಟ್ಟಿಕೊಳ್ಳುವ ಸಿರಿಂಜನ್ನು ಪದೇಪದೇ ತೊಳೆಯಬೇಕು, ನಾಳ ಕೆಟ್ಟ ಮೇಲೆ ಸೂಜಿಯಲ್ಲಿ ರಕ್ತ ಕಡಿಮೆ. ಹೀಗೆ ವೈರಸ್ಸಿಗೆ ಅವಕಾಶ ತಗ್ಗಿತು ಎಂಬುದು ಅವರ ಊಹೆ.

ಮೆಕ್ಸಿಕೋದ ನಯರೀತ್ ರಾಜ್ಯದ ಹಾಲಿಸ್ಕೋ ಊರಿನ ವ್ಯಾಪಾರಿಗಳು ಈ ಸರಕನ್ನು ಪುಟ್ಟ ಬಲೂನುಗಳಲ್ಲಿ ಕಟ್ಟಿ, ಫೋನ್ ಮಾಡಿದವರ ಬಳಿಗೇ ಕಾರಿನಲ್ಲಿ ತಲುಪಿಸುವ ಜಾಲ ಬೆಳೆಸಿದರು. 1990ರ ದಶಕದ ಕೊನೆಗೆ ಅದು ಮಿಸಿಸಿಪ್ಪಿ ನದಿ ದಾಟಿ ಒಹಾಯೋದ ಕೊಲಂಬಸ್ ಮುಟ್ಟಿತ್ತು. 2000ದಲ್ಲಿ ಪೊಲೀಸರು ಹಲವು ನಗರಗಳಲ್ಲಿ ಒಟ್ಟಿಗೇ ದಾಳಿ ಮಾಡಿದರೂ ವ್ಯಾಪಾರ ನಿಲ್ಲಲಿಲ್ಲ.

ಈಗ ಅಮೆರಿಕದ ಬೀದಿಗಳಲ್ಲಿ ಫೆಂಟನಿಲ್ ಎಂಬ ಇನ್ನೊಂದು ಮಾದಕ ವಸ್ತು ಹೆರಾಯಿನ್‌ನ ಜಾಗ ಹಿಡಿದಿದೆ, ಅತಿಸೇವನೆಗೆ ನಲಾಕ್ಸೋನ್ ಮದ್ದು ವ್ಯಾಪಕವಾಗಿ ಹಂಚಿಕೆಯಾಗುತ್ತಿದೆ. ಬೊಟ್ಯುಲಿಸಂಗೆ ಮಾತ್ರ ನಲಾಕ್ಸೋನ್ ನಾಟುವುದಿಲ್ಲ. ಅದಕ್ಕೆ ಪ್ರತಿವಿಷ ಬೇಕು, ಅದೂ ಬೇಗ ಬೇಕು, ಎಷ್ಟೋ ಬಾರಿ ವಾರಗಟ್ಟಲೆ ವೆಂಟಿಲೇಟರ್ ಬೇಕು. 2017ರ ಕೊನೆಯಲ್ಲಿ ಸ್ಯಾನ್ ಡಿಯಾಗೊದಲ್ಲಿ ಮತ್ತೆ ಒಂದರ ಹಿಂದೊಂದು ಪ್ರಕರಣಗಳು ಕಾಣಿಸಿಕೊಂಡವು. ತೊದಲುವ ವ್ಯಸನಿಯನ್ನು ಬರೀ ಮತ್ತಿನಲ್ಲಿದ್ದಾನೆಂದು ತಿಳಿದು ಕಳಿಸಿಬಿಡುವ ಆಸ್ಪತ್ರೆಯಲ್ಲಿ ಆ ಪ್ರತಿವಿಷ ಹೊತ್ತಿಗೆ ಸಿಗುವುದಿಲ್ಲ.