ಸಮುದ್ರ ಮೀನಿನ ಅಕ್ವೇರಿಯಂ: ಮೀನು ತರುವ ಮುನ್ನ 'ಸೈಕ್ಲಿಂಗ್' ಏಕೆ ಬೇಕು?

ಕಿತ್ತಳೆ ಮೈ, ಬಿಳಿ ಪಟ್ಟೆಯ ಕ್ಲೌನ್ ಮೀನನ್ನು ಮನೆಯಲ್ಲಿ ಸಾಕುವ ಆಸೆ ಹಲವರಿಗಿದೆ. ಆದರೆ ಗಾಜಿನ ತೊಟ್ಟಿಗೆ ಉಪ್ಪುನೀರು ತುಂಬಿಸಿ ಅದೇ ದಿನ ಮೀನು ಬಿಟ್ಟರೆ, ಕೆಲವೇ ದಿನಗಳಲ್ಲಿ ಅದು ಸಾಯುವ ಸಾಧ್ಯತೆ ಹೆಚ್ಚು. ನೀರು ಎಷ್ಟೇ ತಿಳಿಯಾಗಿ ಕಂಡರೂ ಅದರಲ್ಲಿ ಅಮೋನಿಯಾ ಎಂಬ ವಿಷ ಸೇರಿಕೊಳ್ಳುವುದೇ ಇದಕ್ಕೆ ಕಾರಣ. ಈ ವಿಷವನ್ನು ಅರಗಿಸುವ ಬ್ಯಾಕ್ಟೀರಿಯಾಗಳನ್ನು ಮೊದಲೇ ಬೆಳೆಸಿಕೊಳ್ಳುವ ಕ್ರಮವೇ 'ಸೈಕ್ಲಿಂಗ್'.

ಏನಿದು ಸೈಕ್ಲಿಂಗ್?

ಮೀನಿನ ವಿಸರ್ಜನೆ, ಉಳಿದ ಆಹಾರ, ಸತ್ತ ಜೀವಿಗಳಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಗುಂಪಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ನೀರು ಬದಲಿಸಿ ಅದನ್ನು ಕಡಿಮೆ ಮಾಡಬಹುದು. ಸಮುದ್ರದ ನೀರಿನ ಪಿಎಚ್ 8.1ರಿಂದ 8.4ರಷ್ಟಿರುವುದರಿಂದ, ಅಷ್ಟೇ ಪ್ರಮಾಣದ ಅಮೋನಿಯಾ ಸಾಮಾನ್ಯ ಸಿಹಿನೀರಿನ ತೊಟ್ಟಿಗಿಂತ ಇಲ್ಲಿ ಹೆಚ್ಚು ಮಾರಕ.

ಲೈವ್ ರಾಕ್ ಪಾತ್ರ

ಲೈವ್ ರಾಕ್ ಎಂದರೆ ಜೀವವಿರುವ ಕಲ್ಲಲ್ಲ. ಸತ್ತ ಹವಳದ ಸುಣ್ಣದ ಅಸ್ಥಿಪಂಜರದಲ್ಲಿ ಬ್ಯಾಕ್ಟೀರಿಯಾ, ಪಾಚಿ, ಸ್ಪಂಜು, ಹುಳುಗಳು ನೆಲೆಸಿದಾಗ ಅದು ಲೈವ್ ರಾಕ್ ಎನಿಸಿಕೊಳ್ಳುತ್ತದೆ. ಇದರ ಸಣ್ಣ ರಂಧ್ರಗಳೇ ತೊಟ್ಟಿಯ ಫಿಲ್ಟರ್. ಆಮ್ಲಜನಕ ತಲುಪದ ಒಳಭಾಗದ ಬ್ಯಾಕ್ಟೀರಿಯಾಗಳು ಸ್ವಲ್ಪ ನೈಟ್ರೇಟನ್ನೂ ಸಾರಜನಕ ಅನಿಲವಾಗಿ ಹೊರಬಿಡುತ್ತವೆ. ಸಾಗಿಸುವಾಗ ಕಲ್ಲಿನ ಮೇಲಿನ ಕೆಲವು ಜೀವಿಗಳು ಸತ್ತು ಕೊಳೆಯುತ್ತವೆ. ಆಗ ಏಳುವ ಅಮೋನಿಯಾದಿಂದಲೇ ಸೈಕ್ಲಿಂಗ್ ಶುರುವಾಗುತ್ತದೆ.

ಕಾನೂನು ನೆನಪಿರಲಿ

ಭಾರತದ ಕಡಲಿನಿಂದ ಹವಳದ ಕಲ್ಲು ತೆಗೆಯುವುದು, ಮಾರುವುದು ಅಪರಾಧ. ದಿಬ್ಬ ಕಟ್ಟುವ ಎಲ್ಲ ಹವಳಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್-1ರಲ್ಲಿ ರಕ್ಷಣೆ ಇದೆ. ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ಇರಲಿ, ಮುರುಡೇಶ್ವರ ಬಳಿಯ ನೇತ್ರಾಣಿ ಇರಲಿ, ಎಲ್ಲೆಡೆಯೂ ಇದೇ ನಿಯಮ. ಹಾಗಾಗಿ ಸೆರಾಮಿಕ್ ಅಥವಾ ಸಿಮೆಂಟ್ ಮಿಶ್ರಣದಿಂದ ತಯಾರಿಸಿದ ಒಣ ಕಲ್ಲು ಸುರಕ್ಷಿತ ಆಯ್ಕೆ. ಈಗಾಗಲೇ ನೆಲೆಗೊಂಡ ತೊಟ್ಟಿಯಲ್ಲಿದ್ದ ಇಂಥ ಕಲ್ಲಿನ ಒಂದು ತುಂಡು ಸಿಕ್ಕರೆ, ಒಣ ಕಲ್ಲೂ ಕ್ರಮೇಣ ಲೈವ್ ರಾಕ್ ಆಗುತ್ತದೆ.

ಮಾಡುವುದು ಹೇಗೆ?

* ಆರ್‌ಒ ನೀರಿಗೆ ಅಕ್ವೇರಿಯಂಗೆಂದೇ ಸಿಗುವ ಸಮುದ್ರ ಉಪ್ಪು ಬೆರೆಸಿ. ಲೀಟರ್‌ಗೆ ಸುಮಾರು 35 ಗ್ರಾಂ ಲವಣಾಂಶ, ಅಂದರೆ 1.025ರಷ್ಟು ಸಾಂದ್ರತೆ ಇರಲಿ. ಅಡುಗೆ ಉಪ್ಪು ಬೇಡ. ಮುಂಬೈ, ಚೆನ್ನೈನಂಥ ನಗರಗಳ ದಡದ ನೀರಿನಲ್ಲಿ ಮಾಲಿನ್ಯದ ಭಯ ಇರುವುದರಿಂದ ಅದೂ ಬೇಡ.

* 10 ಲೀಟರ್‌ಗೆ ಸುಮಾರು 1 ಕೆ.ಜಿ. ಕಲ್ಲು ಎಂಬುದು ರೂಢಿಯ ಲೆಕ್ಕ. ನೀರು ಸುತ್ತಲೂ ಹರಿಯುವಂತೆ ಸಡಿಲವಾಗಿ ಜೋಡಿಸಿ, ಪಂಪ್ ಸದಾ ಓಡುತ್ತಿರಲಿ.

* ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ. ಬೇಸಿಗೆಯಲ್ಲಿ ಫ್ಯಾನ್ ಅಥವಾ ಚಿಲ್ಲರ್ ಬೇಕಾಗಬಹುದು. ದೀಪ ಆರಿಸಿಟ್ಟರೆ ಪಾಚಿಯ ಕಾಟ ಕಡಿಮೆ.

* ಒಣ ಕಲ್ಲಾದರೆ ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ಅಮೋನಿಯಾವನ್ನು ಸುಮಾರು 2 ಪಿಪಿಎಂಗೆ ತನ್ನಿ. ಇದಕ್ಕಾಗಿ ಜೀವಂತ ಮೀನನ್ನು ಬಿಡುವುದು ಕ್ರೂರ, ಅನಗತ್ಯ.

* ಎರಡು ಮೂರು ದಿನಕ್ಕೊಮ್ಮೆ ಟೆಸ್ಟ್ ಕಿಟ್‌ನಿಂದ ಪರೀಕ್ಷಿಸಿ ಬರೆದಿಡಿ.

ಮುಗಿದದ್ದು ತಿಳಿಯುವುದು ಹೇಗೆ?

ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಬಳಿಕ ನೈಟ್ರೈಟ್ ಏರಿ ಇಳಿಯುತ್ತದೆ, ಕೊನೆಗೆ ನೈಟ್ರೇಟ್ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಚೆನ್ನಾಗಿ ಹದಗೊಂಡ ಲೈವ್ ರಾಕ್ ಇದ್ದರೆ ಬೇಗ ಮುಗಿಯಬಹುದು. ಮತ್ತೆ 2 ಪಿಪಿಎಂ ಅಮೋನಿಯಾ ಹಾಕಿದಾಗ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದರೆ ತೊಟ್ಟಿ ಸಿದ್ಧ. ನಡುವೆ ಕಂದು ಪಾಚಿ ಮೂಡಿದರೆ ಗಾಬರಿ ಬೇಡ, ಅದು ಹೊಸ ತೊಟ್ಟಿಗಳಲ್ಲಿ ಸಹಜ.

ನಂತರ ಸಾಕಷ್ಟು ನೀರು ಬದಲಿಸಿ, ಮೊದಲು ಬಸವನಹುಳುಗಳನ್ನು, ಆಮೇಲೆ ಒಂದೊಂದೇ ಮೀನನ್ನು ಬಿಡಬೇಕು. ಒಮ್ಮೆಲೇ ಹಲವು ಮೀನು ಬಿಟ್ಟರೆ ಬ್ಯಾಕ್ಟೀರಿಯಾಗಳಿಗೆ ಅರಗಿಸಲಾಗದಷ್ಟು ತ್ಯಾಜ್ಯ ಸೇರಿ ಅಮೋನಿಯಾ ಮತ್ತೆ ಏರುತ್ತದೆ. ಖಾಲಿ ತೊಟ್ಟಿ ನೋಡುತ್ತಾ ಒಂದು ತಿಂಗಳು ಕಾಯುವುದು ಬೇಸರವೇ. ಆದರೆ ಮುಂದೆ ಅದರಲ್ಲಿ ಬದುಕಬೇಕಾದ ಮೀನಿನ ಉಸಿರು ಈ ಕಾಯುವಿಕೆಯ ಮೇಲೇ ನಿಂತಿದೆ.