ಗಣಕಯಂತ್ರದ ಕಡತಗಳ ಅಡಕ ಮತ್ತು ಬ್ಯಾಕಪ್: 7-ಜಿಪ್ ತಂತ್ರಾಂಶದ ಅನುಸ್ಥಾಪನೆ ಹಾಗೂ ಸಂರಚನೆ

ಸಣ್ಣ ಕಚೇರಿಗಳು, ಸಹಕಾರ ಸಂಘಗಳು, ಶಾಲೆಗಳು ಹಾಗೂ ಸ್ವಂತ ಗಣಕಯಂತ್ರದಲ್ಲಿ ದಾಖಲೆಗಳನ್ನು ಇರಿಸಿಕೊಂಡಿರುವ ಸಾರ್ವಜನಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆಯುಳ್ಳ ಗಣಕಯಂತ್ರದಲ್ಲಿ 7-ಜಿಪ್ ಎಂಬ ಉಚಿತ ತಂತ್ರಾಂಶವನ್ನು ಅಳವಡಿಸಿಕೊಂಡು, ಕಡತಗಳನ್ನು ಅಡಕಗೊಳಿಸಿ, ಸುರಕ್ಷಿತ ಪ್ರತಿ ಇರಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬ್ಯಾಕಪ್ ಏಕೆ ಅವಶ್ಯಕ

ಕಾಗದದ ವಹಿಗೆ ಗೆದ್ದಲು ಹಿಡಿದರೆ ಕೆಲವು ಪುಟಗಳಾದರೂ ಉಳಿಯುತ್ತವೆ. ಹಾರ್ಡ್ ಡಿಸ್ಕ್ ಕೆಟ್ಟರೆ ಅದರಲ್ಲಿರುವುದೆಲ್ಲವೂ ಒಂದೇ ಬಾರಿಗೆ ಹೋಗಬಹುದು. ಹತ್ತು ವರ್ಷಗಳ ಹಿಂದೆ ಶಾಲೆ ಬಿಟ್ಟ ವಿದ್ಯಾರ್ಥಿಯು ಜನ್ಮದಿನಾಂಕದ ದಾಖಲೆಗಾಗಿ ಬಂದಾಗ, ಅಥವಾ ಸಂಘದ ಮೃತ ಸದಸ್ಯರ ವಾರಸುದಾರರು ಷೇರಿನ ಹಣ ಕೇಳಿ ಬಂದಾಗ, 'ಗಣಕಯಂತ್ರ ಕೆಟ್ಟಿದೆ' ಎಂಬ ಉತ್ತರದಿಂದ ಅವರ ಕೆಲಸವಾಗುವುದಿಲ್ಲ.

ಕಾನೂನಿನ ದೃಷ್ಟಿಯಿಂದಲೂ ಇದು ಮುಖ್ಯ. ಮಾಹಿತಿ ಹಕ್ಕು ಅಧಿನಿಯಮ, 2005ರ ಅನ್ವಯ ಸಾರ್ವಜನಿಕ ಪ್ರಾಧಿಕಾರವು ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿಯನ್ನು ಒದಗಿಸಬೇಕು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ದ 7ನೇ ಪ್ರಕರಣವು ವಿದ್ಯುನ್ಮಾನ ದಾಖಲೆಯನ್ನು ಮುಂದೆ ಪರಾಮರ್ಶಿಸಲು ಸಾಧ್ಯವಾಗುವ ರೀತಿಯಲ್ಲಿ ಉಳಿಸಿಕೊಳ್ಳಬೇಕೆಂಬ ಷರತ್ತನ್ನು ವಿಧಿಸುತ್ತದೆ. ಕಂಪನಿಗಳು ಲೆಕ್ಕಪುಸ್ತಕಗಳನ್ನು ಕನಿಷ್ಠ 8 ಆರ್ಥಿಕ ವರ್ಷ ಕಾಪಾಡಬೇಕು. ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಪ್ರತಿದಿನ ತೆಗೆದು ಭಾರತದೊಳಗಿನ ಸರ್ವರಿನಲ್ಲಿ ಇರಿಸಬೇಕೆಂದು 2022ರ ಆಗಸ್ಟ್‌ನಲ್ಲಿ ನಿಯಮಗಳಿಗೆ ತಿದ್ದುಪಡಿ ಮಾಡಲಾಯಿತು. ಸರಕು ಮತ್ತು ಸೇವಾ ತೆರಿಗೆಯಡಿ ನೋಂದಾಯಿತ ವರ್ತಕರು ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಉಳಿಸಿಕೊಳ್ಳತಕ್ಕದ್ದು. ಇಷ್ಟು ದೀರ್ಘ ಅವಧಿಗೆ ಒಂದೇ ಡಿಸ್ಕನ್ನು ನಂಬುವುದು ವಿವೇಕವಲ್ಲ.

ತಂತ್ರಾಂಶವನ್ನು ಪಡೆಯುವುದು

7-ಜಿಪ್ ತಂತ್ರಾಂಶವನ್ನು ಇಗೋರ್ ಪಾವ್ಲೋವ್ ಅವರು ರಚಿಸಿದ್ದು, ಮೊದಲ ಆವೃತ್ತಿಯು 1999ರಲ್ಲಿ ಬಿಡುಗಡೆಯಾಯಿತು. ಕಚೇರಿಯ ಬಳಕೆಗೂ ಶುಲ್ಕವಿಲ್ಲ, ನೋಂದಣಿಯ ಅಗತ್ಯವಿಲ್ಲ. ಇದನ್ನು ಅಧಿಕೃತ ಜಾಲತಾಣದಿಂದ ಮಾತ್ರ ಪಡೆಯತಕ್ಕದ್ದು. ಸದರಿ ಜಾಲತಾಣದ ವಿಳಾಸದಲ್ಲಿ 7 ಅಂಕಿಯ ನಂತರ ಅಡ್ಡಗೆರೆ ಇದ್ದು, ಕೊನೆಯಲ್ಲಿ 'ಡಾಟ್ ಓಆರ್‌ಜಿ' ಎಂದಿರುತ್ತದೆ. ಹೋಲುವ ಹೆಸರಿನ ಬೇರೆ ತಾಣಗಳಿಂದ ಇಳಿಸಿಕೊಂಡ ಕಡತದೊಂದಿಗೆ ಅಪಾಯಕಾರಿ ತಂತ್ರಾಂಶ ಸೇರಿಬರುವ ಸಂಭವವಿದೆ.

ಇಳಿಸಿಕೊಳ್ಳುವ ಮುನ್ನ ಗಣಕಯಂತ್ರವು 64 ಬಿಟ್‌ನದೋ 32 ಬಿಟ್‌ನದೋ ಎಂಬುದನ್ನು ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ 'ಅಬೌಟ್' ಎಂಬಲ್ಲಿ ನೋಡಿಕೊಳ್ಳಬೇಕು. ಇಳಿಸಿದ ಕಡತವನ್ನು ತೆರೆದು, ಆಡಳಿತಗಾರ ಖಾತೆಯ ಅನುಮತಿ ನೀಡಿ, 'ಇನ್‌ಸ್ಟಾಲ್' ಗುಂಡಿಯನ್ನು ಒತ್ತಿದರೆ ಅನುಸ್ಥಾಪನೆ ಮುಗಿಯಿತು. ಇದಕ್ಕೆ ಐದು ನಿಮಿಷವೂ ಬೇಡ. ಉಳಿದ ಕೆಲಸಕ್ಕೆ ಗಮನ ಬೇಕು.

ಈ ತಂತ್ರಾಂಶವು ತಾನಾಗಿಯೇ ನವೀಕರಣಗೊಳ್ಳುವುದಿಲ್ಲ ಎಂಬುದನ್ನು ನೆನಪಿಡುವುದು. 24.09ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಅಂತರ್ಜಾಲದಿಂದ ಬಂದ ಕಡತಗಳ ಎಚ್ಚರಿಕೆ ಗುರುತು ತಪ್ಪಿಹೋಗುವ ಭದ್ರತಾ ದೋಷವೊಂದಿತ್ತು. 2024ರ ನವೆಂಬರ್‌ನಲ್ಲಿ ಅದನ್ನು ಸರಿಪಡಿಸಲಾಯಿತು. ಆದ್ದರಿಂದ ವರ್ಷಕ್ಕೆರಡು ಬಾರಿಯಾದರೂ ಜಾಲತಾಣವನ್ನು ನೋಡಿ ಹೊಸ ಆವೃತ್ತಿಯನ್ನು ಹಳೆಯದರ ಮೇಲೆಯೇ ಅಳವಡಿಸಿಕೊಳ್ಳಬೇಕು.

ಆರಂಭಿಕ ಸಂರಚನೆ

7-ಜಿಪ್ ಫೈಲ್ ಮ್ಯಾನೇಜರನ್ನು ತೆರೆದು 'ಟೂಲ್ಸ್' ಪಟ್ಟಿಯಲ್ಲಿ 'ಆಪ್ಷನ್ಸ್' ಆಯ್ದುಕೊಳ್ಳಬೇಕು. 'ಸಿಸ್ಟಮ್' ಪುಟದಲ್ಲಿ ಯಾವ ಬಗೆಯ ಅಡಕ ಕಡತಗಳನ್ನು ಈ ತಂತ್ರಾಂಶವೇ ತೆರೆಯಬೇಕೆಂದು ಸೂಚಿಸಬಹುದು. '7-ಜಿಪ್' ಪುಟದಲ್ಲಿ ಮೌಸ್‌ನ ಬಲಗುಂಡಿಯ ಪಟ್ಟಿಗೆ ತಂತ್ರಾಂಶವನ್ನು ಸೇರಿಸುವ ಆಯ್ಕೆಯಿದೆ. ಅದೇ ಪುಟದಲ್ಲಿರುವ 'ಪ್ರಾಪಗೇಟ್ ಝೋನ್ ಐಡಿ ಸ್ಟ್ರೀಮ್' ಎಂಬುದನ್ನು 'ಯೆಸ್' ಎಂದು ಬದಲಿಸಿಕೊಂಡರೆ, ಅಂತರ್ಜಾಲದಿಂದ ಬಂದ ಅಡಕದೊಳಗಿನ ಕಡತಗಳಿಗೂ ಎಚ್ಚರಿಕೆ ಗುರುತು ಮುಂದುವರಿಯುತ್ತದೆ. ವಿಂಡೋಸ್ 11ರಲ್ಲಿ ಬಲಗುಂಡಿ ಒತ್ತಿದಾಗ 7-ಜಿಪ್ ಕಾಣದಿದ್ದರೆ 'ಶೋ ಮೋರ್ ಆಪ್ಷನ್ಸ್' ಒತ್ತಿದಲ್ಲಿ ಕಾಣುವುದು.

ಅಡಕ ಕಡತವನ್ನು ಸಿದ್ಧಪಡಿಸುವುದು

ಬೇಕಾದ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ '7-ಜಿಪ್', ನಂತರ 'ಆ್ಯಡ್ ಟು ಆರ್ಕೈವ್' ಆಯ್ದುಕೊಂಡಾಗ ಒಂದು ಚೌಕಟ್ಟು ತೆರೆಯುತ್ತದೆ. ಅದರಲ್ಲಿರುವ ಹಲವು ಖಾನೆಗಳನ್ನು ಇದ್ದಂತೆಯೇ ಬಿಡಬಹುದು. ಕೆಲವನ್ನು ಮಾತ್ರ ತಿಳಿದು ತುಂಬಬೇಕು.

ಹೆಸರು: ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ದಿನಾಂಕವನ್ನು ಹೆಸರಿನ ಮೊದಲಿಗೇ ಬರೆಯುವುದು ಉತ್ತಮ. ಹೀಗೆ ಮಾಡಿದರೆ ಪಟ್ಟಿಯು ತಾನಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತದೆ. ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳುಗಳ ಒಂದನೇ ತಾರೀಖುಗಳು ಒಟ್ಟಿಗೆ ಸೇರಿ ಗೊಂದಲವಾಗುತ್ತದೆ. ವಿಂಡೋಸ್‌ನ ಕಡತದ ಹೆಸರಿನಲ್ಲಿ ಓರೆಗೆರೆಗೆ ಅವಕಾಶವಿಲ್ಲದಿರುವುದರಿಂದ ಅಡ್ಡಗೆರೆ ಬಳಸಬೇಕು.

ಸ್ವರೂಪ ಮತ್ತು ಮಟ್ಟ: '7ಝಡ್' ಸ್ವರೂಪದಲ್ಲಿ ಅಕ್ಷರ ಹಾಗೂ ಅಂಕಿಗಳ ಕಡತಗಳು ಚೆನ್ನಾಗಿ ಕುಗ್ಗುತ್ತವೆ. ಆದರೆ ಛಾಯಾಚಿತ್ರಗಳು ಹಾಗೂ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು ಸಾಮಾನ್ಯವಾಗಿ ಮೊದಲೇ ಕುಗ್ಗಿಸಲ್ಪಟ್ಟಿರುವುದರಿಂದ 'ಅಲ್ಟ್ರಾ' ಮಟ್ಟ ಆಯ್ದು ಗಂಟೆಗಟ್ಟಲೆ ಕಾದರೂ ಉಳಿತಾಯ ಅತ್ಯಲ್ಪ. ಅಂತಹವುಗಳಿಗೆ 'ಸ್ಟೋರ್' ಮಟ್ಟ ಸಾಕು.

ಅಪ್‌ಡೇಟ್ ಮೋಡ್: 'ಆ್ಯಡ್ ಆ್ಯಂಡ್ ರಿಪ್ಲೇಸ್' ಎಂದೇ ಇರಲಿ. 'ಸಿಂಕ್ರನೈಸ್' ಎಂಬುದು ಹೆಸರಿಗೆ ಆಕರ್ಷಕವಾಗಿದ್ದರೂ, ಮೂಲದಲ್ಲಿ ಅಳಿಸಿಹೋದ ಕಡತವನ್ನು ಅಡಕದಿಂದಲೂ ತೆಗೆದುಹಾಕುತ್ತದೆ. ಆಕಸ್ಮಿಕವಾಗಿ ಅಳಿಸಿದ್ದನ್ನು ಮರಳಿ ಪಡೆಯಲೆಂದೇ ಬ್ಯಾಕಪ್ ಇರುವಾಗ ಇದರಿಂದ ಉದ್ದೇಶವೇ ವಿಫಲವಾಗುತ್ತದೆ. 'ಡಿಲೀಟ್ ಫೈಲ್ಸ್ ಆಫ್ಟರ್ ಕಂಪ್ರೆಷನ್' ಎಂಬ ಚೌಕವನ್ನು ಯಾವ ಕಾರಣಕ್ಕೂ ಗುರುತಿಸತಕ್ಕದ್ದಲ್ಲ. ಅಡಕವನ್ನು ಪರೀಕ್ಷಿಸುವ ಮೊದಲೇ ಮೂಲವನ್ನು ಅಳಿಸುವುದು, ರಶೀದಿ ಬರುವ ಮುನ್ನ ಹಣವನ್ನು ವಹಿಯಿಂದ ಕಡಿಮೆ ಮಾಡಿದಂತೆ.

ಭಾಗಗಳಾಗಿ ವಿಂಗಡಣೆ: ಪೆನ್ ಡ್ರೈವ್ 'ಫ್ಯಾಟ್ 32' ಮಾದರಿಯದಾಗಿದ್ದರೆ ಅದರಲ್ಲಿ 4 ಜಿಬಿ ಮೀರಿದ ಒಂದೇ ಕಡತ ಹಿಡಿಸುವುದಿಲ್ಲ, ಜಾಗ ಖಾಲಿಯಿದ್ದರೂ ಸ್ಥಳವಿಲ್ಲವೆಂಬಂತೆ ನಿರಾಕರಿಸುತ್ತದೆ. 'ಸ್ಪ್ಲಿಟ್ ಟು ವಾಲ್ಯೂಮ್ಸ್' ಖಾನೆಯಲ್ಲಿ ಇದಕ್ಕೆಂದೇ 4092 ಎಂಬಿ ಎಂಬ ಸಿದ್ಧ ಆಯ್ಕೆಯಿದೆ. ಹೀಗೆ ವಿಂಗಡಿಸಿದಲ್ಲಿ ಎಲ್ಲ ಭಾಗಗಳೂ ಒಟ್ಟಿಗಿರಬೇಕು. ಒಂದು ಭಾಗ ಕಳೆದರೂ ಅಡಕವನ್ನು ಸರಿಯಾಗಿ ಬಿಚ್ಚಲಾಗದು.

ಟ್ಯಾಲಿಯಂತಹ ಲೆಕ್ಕಪತ್ರ ತಂತ್ರಾಂಶಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ತಂತ್ರಾಂಶ ತೆರೆದಿರುವಾಗಲೇ ಅದರ ದತ್ತಾಂಶದ ಫೋಲ್ಡರನ್ನು ಅಡಕಗೊಳಿಸಿದರೆ ಅರ್ಧ ಬರೆದ ನಮೂದು ಸೇರಿ ಪ್ರತಿಯು ದೋಷಪೂರಿತವಾಗಬಹುದು. ಮೊದಲು ಆ ತಂತ್ರಾಂಶದಲ್ಲಿಯೇ ಇರುವ ಬ್ಯಾಕಪ್ ಸೌಲಭ್ಯದಿಂದ ಪ್ರತಿ ತೆಗೆದು, ಆ ಪ್ರತಿಯನ್ನು ಅಡಕಕ್ಕೆ ಸೇರಿಸತಕ್ಕದ್ದು.

ಗುಪ್ತಪದ

ಸದಸ್ಯರ ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಮುಂತಾದ ವಿವರಗಳಿರುವ ಅಡಕಕ್ಕೆ ಗುಪ್ತಪದ ನೀಡಲೇಬೇಕು. 7ಝಡ್ ಸ್ವರೂಪವು 256 ಬಿಟ್‌ನ ಎಇಎಸ್ ಪದ್ಧತಿಯಲ್ಲಿ ಗೂಢಲಿಪೀಕರಿಸುತ್ತದೆ. ಜೊತೆಗೆ 'ಎನ್‌ಕ್ರಿಪ್ಟ್ ಫೈಲ್ ನೇಮ್ಸ್' ಗುರುತಿಸಿದರೆ ಒಳಗಿನ ಕಡತಗಳ ಹೆಸರುಗಳೂ ಹೊರಗಿನವರಿಗೆ ಕಾಣುವುದಿಲ್ಲ.

ಈ ಗುಪ್ತಪದವನ್ನು ಮರೆತಲ್ಲಿ ಮರಳಿ ಪಡೆಯುವ ಮಾರ್ಗವಿಲ್ಲ. ತಂತ್ರಾಂಶ ರಚಿಸಿದವರಿಗೆ ಬರೆದರೂ ಪ್ರಯೋಜನವಿಲ್ಲ. ಗುಪ್ತಪದ ತಿಳಿದಿದ್ದ ನೌಕರರು ವರ್ಗಾವಣೆಯಾಗಿ ಅಥವಾ ನಿವೃತ್ತರಾಗಿ ಹೋದ ಮೇಲೆ, ಬ್ಯಾಕಪ್ ಬೀರುವಿನಲ್ಲಿದ್ದೂ ಇಲ್ಲದಂತಾಗುವುದು. ಆದ್ದರಿಂದ ಗುಪ್ತಪದವನ್ನು ಬರೆದು ಮೊಹರು ಮಾಡಿದ ಲಕೋಟೆಯಲ್ಲಿ ಕಚೇರಿ ಮುಖ್ಯಸ್ಥರ ಸುಪರ್ದಿನಲ್ಲಿ ಇಡುವುದು ಹಾಗೂ ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಬೀಗದ ಕೈಗಳ ಜೊತೆಗೆ ಆ ಲಕೋಟೆಯನ್ನೂ ನಮೂದಿಸುವುದು ಸೂಕ್ತ. ಗುಪ್ತಪದವನ್ನು ಟೈಪು ಮಾಡುವಾಗ ಕನ್ನಡ ಕೀಲಿಮಣೆ ಚಾಲನೆಯಲ್ಲಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಖಾನೆಯಲ್ಲಿ ಚುಕ್ಕೆಗಳು ಮಾತ್ರ ಕಾಣುವುದರಿಂದ, ಇಂಗ್ಲಿಷ್ ಎಂದು ಭಾವಿಸಿ ಕನ್ನಡದಲ್ಲಿ ಟೈಪಾದದ್ದು ತಿಳಿಯುವುದೇ ಇಲ್ಲ. ಒಮ್ಮೆ 'ಶೋ ಪಾಸ್‌ವರ್ಡ್' ಒತ್ತಿ ನೋಡಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಕನ್ನಡ ಕಡತಗಳ ವಿಶೇಷ

ಈ ವಿಷಯವು ಇಂಗ್ಲಿಷ್ ಕೈಪಿಡಿಗಳಲ್ಲಿ ದೊರೆಯದ ಕಾರಣ ಸ್ವಲ್ಪ ವಿಸ್ತಾರವಾಗಿ ತಿಳಿಸಲಾಗಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನಮ್ಮ ಕಚೇರಿಗಳಲ್ಲಿ ಬಹುಪಾಲು ಪತ್ರಗಳನ್ನು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಲಾಗುತ್ತಿತ್ತು. ಅಂತಹ ಕಡತದೊಳಗೆ ಇರುವುದು ವಾಸ್ತವವಾಗಿ ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಸಂಕೇತಗಳು. 'ನುಡಿ 01 ಇ' ಅಥವಾ 'ಬಿಆರ್‌ಎಚ್ ಕನ್ನಡ' ಅಕ್ಷರಶೈಲಿ ಇದ್ದಾಗ ಮಾತ್ರ ಅವು ಕನ್ನಡವಾಗಿ ತೋರುತ್ತವೆ. ಹತ್ತು ವರ್ಷಗಳ ನಂತರ ಹೊಸ ಗಣಕಯಂತ್ರದಲ್ಲಿ ಅಡಕವನ್ನು ಬಿಚ್ಚಿದಾಗ ಒಂದು ಬೈಟ್ ಕೂಡ ನಷ್ಟವಾಗದಿದ್ದರೂ, ಓದುವವರಿಗೆ ಸಿಗುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಕಾರಣ, ಹಳೆಯ ಕಡತಗಳ ಅಡಕದೊಳಗೆ ಆ ಅಕ್ಷರಶೈಲಿಯ ಕಡತಗಳನ್ನೂ ಸೇರಿಸತಕ್ಕದ್ದು. ಮುಖ್ಯ ದಾಖಲೆಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ಎಂದು ಓದಿ ನೋಡಿದ ನಂತರ, ಮೂಲ ಹಾಗೂ ಪರಿವರ್ತಿತ ಪ್ರತಿಗಳೆರಡನ್ನೂ ಇರಿಸುವುದು ಇನ್ನೂ ಒಳ್ಳೆಯದು.

ಕಡತದ ಹೆಸರುಗಳನ್ನು ಕನ್ನಡದಲ್ಲಿ ಇರಿಸಲು ಅಡ್ಡಿಯಿಲ್ಲ. 7ಝಡ್ ಸ್ವರೂಪವು ಹೆಸರುಗಳನ್ನು ಯೂನಿಕೋಡ್‌ನಲ್ಲಿಯೇ ದಾಖಲಿಸುತ್ತದೆ. ಹಳೆಯ ಜಿಪ್ ತಂತ್ರಾಂಶಗಳಲ್ಲಿ ಕನ್ನಡ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬದಲಾಗುವ ತೊಂದರೆ ಇಲ್ಲಿಲ್ಲ. ಆದರೆ ವಿಂಡೋಸ್‌ನಲ್ಲಿ ಫೋಲ್ಡರುಗಳ ಸರಣಿಯೂ ಸೇರಿ ಪೂರ್ಣ ವಿಳಾಸಕ್ಕೆ ಸಾಮಾನ್ಯವಾಗಿ 260 ಸಂಕೇತಗಳ ಮಿತಿಯಿದೆ. 'ಲಕ್ಷ್ಮಿ' ಎಂಬುದು ಕಣ್ಣಿಗೆ ಎರಡೇ ಅಕ್ಷರವಾದರೂ ಗಣಕಯಂತ್ರಕ್ಕೆ 7 ಸಂಕೇತಗಳು. ಪತ್ರದ ವಿಷಯವನ್ನೇ ಪೂರ್ಣವಾಗಿ ಕಡತದ ಹೆಸರನ್ನಾಗಿಸುವ ರೂಢಿಯಿರುವ ಕಚೇರಿಗಳಲ್ಲಿ ಈ ಮಿತಿ ಬೇಗ ಮುಟ್ಟುತ್ತದೆ.

ಪ್ರತಿಗಳನ್ನು ಎಲ್ಲಿ ಇರಿಸಬೇಕು

ಅದೇ ಗಣಕಯಂತ್ರದ 'ಡಿ' ಡ್ರೈವ್‌ನಲ್ಲಿ ಇರಿಸಿದ ಅಡಕವನ್ನು ಬ್ಯಾಕಪ್ ಎಂದು ಪರಿಗಣಿಸಲಾಗದು. 'ಸಿ' ಮತ್ತು 'ಡಿ' ಅನೇಕ ವೇಳೆ ಒಂದೇ ಡಿಸ್ಕಿನ ಎರಡು ಭಾಗಗಳಷ್ಟೆ. ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬುದು ಎಲ್ಲೆಡೆ ಒಪ್ಪಿತವಾದ ಸೂತ್ರ. ಪ್ರತಿ ತೆಗೆದ ಕೂಡಲೇ ಬಾಹ್ಯ ಡಿಸ್ಕನ್ನು ಗಣಕಯಂತ್ರದಿಂದ ಬೇರ್ಪಡಿಸಬೇಕು. 2017ರ ಮೇ ತಿಂಗಳಲ್ಲಿ ಹರಡಿದ ವನ್ನಾಕ್ರೈ ಮಾದರಿಯ ಸುಲಿಗೆ ತಂತ್ರಾಂಶಗಳು ಗಣಕಯಂತ್ರಕ್ಕೆ ಜೋಡಿಸಿದ ಡಿಸ್ಕುಗಳಲ್ಲಿನ ಕಡತಗಳಿಗೂ ಬೀಗ ಹಾಕುತ್ತವೆ. ಅಂತರ್ಜಾಲದ ಸಂಗ್ರಹ ಸೇವೆಗಳಲ್ಲಿ ತಾನಾಗಿ ಹೊಂದಾಣಿಕೆಯಾಗುವ ಫೋಲ್ಡರಿಗೂ ಇದೇ ಮಾತು ಅನ್ವಯಿಸುತ್ತದೆ: ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ.

ಎಷ್ಟು ಪ್ರತಿ ಉಳಿಸಿಕೊಳ್ಳಬೇಕೆಂಬುದಕ್ಕೆ ದಿನದ 6, ವಾರದ 4, ತಿಂಗಳಿನ 12 ಎಂಬ ಕ್ರಮ ಅನುಕೂಲಕರ. ಒಂದು ಅಡಕ 800 ಎಂಬಿ ಇದ್ದರೆ ಈ 22 ಪ್ರತಿಗಳಿಗೆ ಬೇಕಾಗುವುದು ಸುಮಾರು 17.6 ಜಿಬಿ. ಡಿಸ್ಕಿನ ಬೆಲೆಯ ನೆಪ ಹೇಳಲು ಇದರಲ್ಲಿ ಆಸ್ಪದವಿಲ್ಲ. ಮಾರ್ಚ್ 31ರ ಪ್ರತಿಯನ್ನು ಮಾತ್ರ ಈ ಸರದಿಯಿಂದ ಹೊರಗಿಟ್ಟು ಕಾನೂನಿನ ಅವಧಿ ಮುಗಿಯುವವರೆಗೆ ಪ್ರತ್ಯೇಕವಾಗಿ ಕಾಪಾಡಬೇಕು.

ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಮೂಲಕ ಈ ಕೆಲಸವನ್ನು ನಿಗದಿತ ವೇಳೆಗೆ ತಾನಾಗಿ ನಡೆಯುವಂತೆಯೂ ಮಾಡಬಹುದು. ವಿದ್ಯುತ್ ಕಡಿತದಿಂದ ವೇಳೆ ತಪ್ಪಿದರೆ ಮತ್ತೆ ಅವಕಾಶವಾದೊಡನೆ ನಡೆಸುವ ಆಯ್ಕೆಯನ್ನು ಅದರಲ್ಲಿ ಗುರುತಿಸಿಡಬೇಕು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲಿದ್ದಾಗ ಕೆಲಸ ಆರಂಭಿಸದಿರುವ ಆಯ್ಕೆ ಮೊದಲೇ ಗುರುತಾಗಿರುತ್ತದೆ, ಅದನ್ನೂ ನೋಡಿಕೊಳ್ಳಬೇಕು. ಆದೇಶದ ಕಡತದಲ್ಲಿ ಗುಪ್ತಪದವನ್ನು ಬರೆದರೆ ಆ ಕಡತ ತೆರೆದವರೆಲ್ಲರೂ ಅದನ್ನು ಓದಬಹುದೆಂಬುದು ಗಮನದಲ್ಲಿರಲಿ.

ಮರುಸ್ಥಾಪನೆಯ ಪರೀಕ್ಷೆ

ಅಡಕ ಸಿದ್ಧವಾದ ಪ್ರತಿ ಬಾರಿಯೂ ಅದರ ಮೇಲೆ ಬಲಗುಂಡಿ ಒತ್ತಿ 'ಟೆಸ್ಟ್ ಆರ್ಕೈವ್' ನಡೆಸತಕ್ಕದ್ದು. ಇದು ಪ್ರತಿ ಕಡತದ ಪರಿಶೀಲನಾ ಸಂಖ್ಯೆಯನ್ನು ತಾಳೆ ನೋಡುತ್ತದೆ. ಆದರೆ ತಾಳೆಪಟ್ಟಿ ಸರಿಹೋದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎನ್ನಲಾಗದೆಂಬುದು ಲೆಕ್ಕಶಾಸ್ತ್ರ ಓದಿದವರಿಗೆ ಗೊತ್ತು. ಬಿಟ್ಟುಹೋದ ನಮೂದು ಅಲ್ಲಿ ಕಾಣುವುದಿಲ್ಲ. ಅದೇ ರೀತಿ, ಸೇರಿಸಬೇಕಾದ ಫೋಲ್ಡರೇ ಅಡಕದಲ್ಲಿ ಇಲ್ಲದಿದ್ದರೂ ಪರೀಕ್ಷೆಯ ಫಲಿತಾಂಶ ದೋಷರಹಿತವೆಂದೇ ಬರುತ್ತದೆ.

ಆದುದರಿಂದ ತಿಂಗಳಿಗೊಮ್ಮೆ ಬೇರೊಂದು ಗಣಕಯಂತ್ರದಲ್ಲಿ ಅಡಕವನ್ನು ಬಿಚ್ಚಿ, ಯಾವುದಾದರೂ ಮೂರು ಕಡತಗಳನ್ನು ತೆರೆದು ಓದಬೇಕು: ಒಂದು ಹಳೆಯದು, ಒಂದು ಆ ವಾರದ್ದು, ಒಂದು ಲೆಕ್ಕಪತ್ರ. ಈ ಕೆಲಸವನ್ನು ಬ್ಯಾಕಪ್ ತೆಗೆದವರಲ್ಲದೆ ಇನ್ನೊಬ್ಬರು ಮಾಡುವುದು ಮೇಲು. ಗುಪ್ತಪದದ ಲಕೋಟೆ ಸರಿಯಾಗಿದೆಯೇ ಎಂಬುದೂ ಆಗಲೇ ತಿಳಿಯುತ್ತದೆ. ದಿನಾಂಕ, ಅಡಕದ ಹೆಸರು, ತೆರೆದ ಕಡತಗಳು, ಪರೀಕ್ಷಿಸಿದವರ ಸಹಿ ಇಷ್ಟನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಸಾಕು.

ಪರೀಕ್ಷೆಯಲ್ಲಿ 'ಡೇಟಾ ಎರರ್' ಅಥವಾ 'ಸಿಆರ್‌ಸಿ ಫೇಲ್ಡ್' ಎಂಬ ಸೂಚನೆ ಬಂದಲ್ಲಿ, ಗುಪ್ತಪದವುಳ್ಳ ಅಡಕವಾದರೆ ಮೊದಲು ಗುಪ್ತಪದವನ್ನು ಮತ್ತೊಮ್ಮೆ ಸರಿಯಾಗಿ ನೀಡಿ ನೋಡಬೇಕು. ಆಗಲೂ ಅದೇ ಸೂಚನೆ ಬಂದರೆ ಆ ಪ್ರತಿ ಹಾಳಾಗಿದೆ ಎಂದರ್ಥ. 7ಝಡ್ ಸ್ವರೂಪದಲ್ಲಿ ಹಾನಿಯನ್ನು ತಾನೇ ದುರಸ್ತಿ ಮಾಡಿಕೊಳ್ಳುವ ವ್ಯವಸ್ಥೆ ಇಲ್ಲ. ಅಂತಹ ಸಂದರ್ಭದಲ್ಲಿ ಎರಡನೆಯ ಪ್ರತಿಯನ್ನು ಪರೀಕ್ಷಿಸಿ, ಅದು ಸರಿಯಿದ್ದರೆ ಅದರಿಂದ ಹೊಸ ಡಿಸ್ಕಿಗೆ ನಕಲು ಮಾಡಿಕೊಂಡು, ದೋಷ ಕಂಡ ಡಿಸ್ಕನ್ನು ಬಳಕೆಯಿಂದ ತೆಗೆದು ವಹಿಯಲ್ಲಿ ನಮೂದಿಸತಕ್ಕದ್ದು.